‘ಈ ಡ್ರೈವ್’ ಎಂದರೆ ಯಾವುದು? – ಡ್ರೈವಿನ ಅಕ್ಷರ ಮತ್ತು ಲೇಬಲ್ ಕುರಿತು

ಮೂಡಿಗೆರೆಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ತೋಟದ ಆಳಿನ ಲೆಕ್ಕ ಇರುವುದು ‘ಇ’ ಡ್ರೈವಿನಲ್ಲಿ. ಮೊನ್ನೆ ಚಿಕ್ಕಮಗಳೂರಿನಿಂದ ಫೋನು ಮಾಡಿ, “ಈ ಡ್ರೈವ್ ತೆಗೆಯಿರಿ” ಎಂದೆ. “ಯಾವುದು?” ಎಂದು ತಂದೆಯವರು ಕೇಳಿದರು. “ಈ ಡ್ರೈವ್” ಎಂದೆ. “ಅದೇ, ಯಾವುದು ಅಂತ ಕೇಳ್ತಿರೋದು” ಎಂದರು. ಇಂಗ್ಲಿಷಿನ ಐದನೆಯ ಅಕ್ಷರದ ಹೆಸರೂ ಕಣ್ಣೆದುರಿನ ವಸ್ತುವನ್ನು ತೋರಿಸುವ ಕನ್ನಡದ ಪದವೂ ಕಿವಿಗೆ ಒಂದೇ ಆದ್ದರಿಂದ ಈ ಫಜೀತಿ. ಕೊನೆಗೆ, “ಪಕ್ಕದಲ್ಲಿ ‘ತೋಟ’ ಅಂತ ಬರೆದಿದೆಯಲ್ಲ, ಅದು” ಎಂದ ಮೇಲೆ ಕೆಲಸವಾಯಿತು. ಆ ‘ತೋಟ’ ಎಂಬುದೇ ಲೇಬಲ್. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬುದು ನನ್ನ ಪ್ರಶ್ನೆ.

ಡ್ರೈವಿನ ಅಕ್ಷರ, ಲೇಬಲ್ – ಈ ಎರಡರ ವ್ಯತ್ಯಾಸ ಸಣ್ಣದಲ್ಲ. ಅಕ್ಷರವನ್ನು ಕೊಡುವುದು ಆಯಾ ಕಂಪ್ಯೂಟರಿನ ವಿಂಡೋಸ್. ಲೇಬಲ್ ಡಿಸ್ಕಿನೊಳಗೇ ಬರೆದಿರುತ್ತದೆ. ಒಂದೇ ಪೆನ್‌ಡ್ರೈವ್ ಮನೆಯಲ್ಲಿ ‘ಎಫ್’, ಜೆರಾಕ್ಸ್ ಅಂಗಡಿಯಲ್ಲಿ ‘ಜಿ’ ಆಗಬಹುದು, ಆದರೆ ಲೇಬಲ್ ಹೋದಲ್ಲೆಲ್ಲ ಜೊತೆಗೆ ಹೋಗುತ್ತದೆ. ‘ಎ’, ‘ಬಿ’ಗಳು ಫ್ಲಾಪಿಗೆ ಮೀಸಲಾಗಿದ್ದರಿಂದ ಹಾರ್ಡ್ ಡಿಸ್ಕಿನ ಎಣಿಕೆ ಇಂದಿಗೂ ‘ಸಿ’ಯಿಂದ ಶುರುವಾಗುತ್ತದೆ. ಕ್ಷರವಿಲ್ಲದ್ದು, ಅಂದರೆ ನಾಶವಿಲ್ಲದ್ದು ಅಕ್ಷರ ಎಂದು ನಾವು ಓದಿಕೊಂಡದ್ದು. ಇಲ್ಲಿ ಮಾತ್ರ ಬದಲಾಗುವುದು ಅಕ್ಷರವೇ. ಆದರೂ ‘ಡ್ರೈವಿನ ಅಕ್ಷರ’ ಎಂಬುದಕ್ಕೆ ನನ್ನ ತಕರಾರಿಲ್ಲ.

ತೊಡಕಿರುವುದು ಲೇಬಲ್‌ನಲ್ಲಿ. ‘ಹೆಸರುಪಟ್ಟಿ’ ಎಂದರೆ ಹೆಸರುಗಳ ಯಾದಿ ಎಂದೇ ಓದುಗರು ತಿಳಿಯುತ್ತಾರೆ. ‘ಹಣೆಪಟ್ಟಿ’ಯಲ್ಲಿ ಯಾರಿಗೋ ಕೆಟ್ಟ ಹೆಸರು ಅಂಟಿಸಿದ ಧ್ವನಿಯಿದೆ. ‘ಚೀಟಿ’ ಔಷಧದ ಬಾಟಲಿಗೆ ಒಪ್ಪುತ್ತದೆ, ಒಳಗೆ ಬರೆದದ್ದಕ್ಕೆ ಒಪ್ಪುವುದಿಲ್ಲ. ನನ್ನ ಒಲವು ‘ಅಂಕಿತ’ದ ಕಡೆಗಿದೆ: ಕೀರ್ತನೆಯನ್ನು ಯಾರು ಎಲ್ಲಿ ಹಾಡಿದರೂ ‘ಪುರಂದರ ವಿಠಲ’ ಎಂಬ ಅಂಕಿತ ಅದು ಯಾರದೆಂದು ಹೇಳುತ್ತದೆ, ಲೇಬಲ್ ಮಾಡುವುದೂ ಇದನ್ನೇ. ಮಸೂದೆಗೆ ರಾಜ್ಯಪಾಲರ ಅಂಕಿತ ಎಂಬ ಇನ್ನೊಂದು ಬಳಕೆ ಇದೆಯಾದರೂ ಡ್ರೈವಿನ ಮಾತಿನಲ್ಲಿ ಅದು ಅಡ್ಡ ಬರಲಾರದು.

ಕನ್ನಡದಲ್ಲೇ ಅಂಕಿತ ಬರೆಯುವವರಿಗೆ ಒಂದು ಮಾತು. ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಒಂದು ಪದ್ಧತಿ) ಡ್ರೈವಿನ ಲೇಬಲ್‌ನಲ್ಲಿ 32 ಸ್ಥಾನಗಳಿರುತ್ತವೆ, ಆದರೆ ಗುಣಿತ, ಒತ್ತುಗಳನ್ನೆಲ್ಲ ಬಿಡಿಸಿ ಎಣಿಸುವುದರಿಂದ ‘ಕಾಫಿ ಲೆಕ್ಕ’ ಎಂಬ ನಾಲ್ಕೇ ಅಕ್ಷರಗಳು ನಡುವಿನ ಜಾಗವೂ ಸೇರಿ 10 ಸ್ಥಾನ ನುಂಗುತ್ತವೆ.

ನಮ್ಮ ಕಾಫಿ ಚೀಲದ್ದೂ ಇದೇ ಕತೆ. ಚೀಲದ ಮೇಲೆ ಬಣ್ಣದಲ್ಲಿ ಬರೆದ ತೋಟದ ಹೆಸರು ನಮ್ಮದು. ಕಾಫಿಯ ಸಿಪ್ಪೆ ಬಿಡಿಸಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಳುವ ಲಾಟ್ ನಂಬರು ಅವರದು. ಆ ಹೆಸರಿಗೆ ನಮ್ಮ ಕಡೆ ‘ಮಾರ್ಕು’ ಎನ್ನುತ್ತೇವೆ. ಬೇಲೂರು, ಸಕಲೇಶಪುರದ ಹಳಬರ ಬಾಯಲ್ಲಿ ಇದಕ್ಕೆ ಬೇರೆ ಪದವೇನಾದರೂ ಇದೆಯೇ? ಅದು ‘ಅಂಕಿತ’ಕ್ಕಿಂತ ಹಗುರಾಗಿದ್ದರೆ ನನ್ನ ಸೂಚನೆಯನ್ನು ಹಿಂತೆಗೆದುಕೊಳ್ಳುತ್ತೇನೆ.