ಸಹಾಯ ಬೇಕು: ಯುಎಸ್‌ಬಿ 3.2 ಎಸ್‌ಎಸ್‌ಡಿಯನ್ನು ಲಿನಕ್ಸ್ ಯುಎಸ್‌ಬಿ 2.10 ಎಂದು ಗುರುತಿಸುತ್ತಿದೆ

ಪುಣೆಯ ಕನ್ನಡ ಮಿತ್ರರೇ, ನಮ್ಮ ಬಳಗದ ಹಳೆಯ ನಾಟಕಗಳ ವಿಡಿಯೋಗಳನ್ನು ತುಂಬಲು ತಂದ ಎಸ್‌ಎಸ್‌ಡಿಯ (ಕೇಬಲ್‌ನಿಂದ ಜೋಡಿಸುವ ವೇಗದ ಶೇಖರಣಾ ಡ್ರೈವ್) ಡಬ್ಬಿಯ ಮೇಲೆ ಯುಎಸ್‌ಬಿ 3.2 ಜೆನ್ 1 ಎಂದಿದೆ; 2008ರ ಯುಎಸ್‌ಬಿ 3.0ಕ್ಕೇ ಕೊಟ್ಟ ಹೊಸ ಹೆಸರಿದು, ವೇಗ ಅದೇ ಸೆಕೆಂಡಿಗೆ 5 ಗಿಗಾಬಿಟ್ (ಈ ಮರುನಾಮಕರಣ ಯಾರಿಗೆ ಬೇಕಿತ್ತೋ!). ಆದರೆ ಲಿನಕ್ಸ್‌ನಲ್ಲಿ ಜೋಡಿಸಿದ ಯುಎಸ್‌ಬಿ ಸಾಧನಗಳ ವಿವರ ತೋರಿಸುವ ಎಲ್‌ಎಸ್‌ಯುಎಸ್‌ಬಿ ಆದೇಶ ಕೊಟ್ಟರೆ, ಯುಎಸ್‌ಬಿ ಆವೃತ್ತಿ ತಿಳಿಸುವ ಬಿಸಿಡಿಯುಎಸ್‌ಬಿ ಸಾಲಿನಲ್ಲಿ 2.10 ಎಂದೂ, ವೇಗದ ಜಾಗದಲ್ಲಿ 480ಎಂ (ಸೆಕೆಂಡಿಗೆ 480 ಮೆಗಾಬಿಟ್) ಎಂದೂ ಕಾಣುತ್ತದೆ. 3.0 ಸಾಧನವು 2.0 ಸಂಪರ್ಕಕ್ಕೆ ಇಳಿದಾಗ ತನ್ನನ್ನು 2.10 ಎಂದೇ ಪರಿಚಯಿಸಿಕೊಳ್ಳುತ್ತದೆ, ಆದ್ದರಿಂದ ಲಿನಕ್ಸ್ ಸುಳ್ಳು ಹೇಳುತ್ತಿಲ್ಲ. ಅದೇ ನೀಲಿ ಪೋರ್ಟ್‌ನಲ್ಲಿ ಪೆನ್‌ಡ್ರೈವ್ 5000ಎಂ, ಅಂದರೆ 5 ಗಿಗಾಬಿಟ್ ವೇಗ ತೋರಿಸಿರುವುದರಿಂದ ನನ್ನ ಅನುಮಾನ ಟೈಪ್-ಸಿ ಕೇಬಲ್ ಮೇಲಿದೆ. ದೋಷ ಕೇಬಲ್‌ನದೋ ಎಸ್‌ಎಸ್‌ಡಿಯ ಸಾಕೆಟ್‌ನದೋ ಎಂದು ಕರ್ನೆಲ್ (ಲಿನಕ್ಸ್‌ನ ತಿರುಳು) ಸಂದೇಶಗಳಿಂದಲೇ ತಿಳಿಯಬಹುದೇ? ಇಲ್ಲವಾದರೆ, ಕೋಥ್ರೂಡ್ ಸುತ್ತಮುತ್ತ ಇರುವವರು 5 ಗಿಗಾಬಿಟ್ ಕೇಬಲ್ ಒಂದನ್ನು ಪರೀಕ್ಷೆಗೆ ಕೊಟ್ಟರೆ ಉಪಕಾರವಾಗುತ್ತದೆ.