1939ರಲ್ಲಿ ಆ ಆರು ಹುಡುಗರನ್ನು ಹೊರಗಿಟ್ಟಿದ್ದು ಸರಿಯಾ?

ಪುಸ್ತಕದ ಹುಳು: 1939ರ ಜುಲೈ 2, ನ್ಯೂಯಾರ್ಕ್. ವೈಜ್ಞಾನಿಕ ಕಥೆಗಳ ಮೊದಲ ವಿಶ್ವ ಸಮ್ಮೇಳನ. ಬಾಗಿಲಲ್ಲೇ ಆರು ಜನರನ್ನು ತಡೆದರು: ವೋಲ್‌ಹೈಮ್, ಪೋಲ್, ಕಾರ್ನ್‌ಬ್ಲೂತ್, ಮಿಶೆಲ್, ಲೌಂಡ್ಸ್, ಗಿಲೆಸ್ಪಿ. ಎಲ್ಲರೂ ‘ಫ್ಯೂಚರಿಯನ್ಸ್’ ಅನ್ನೋ ವೈಜ್ಞಾನಿಕ ಕಥೆಗಳ ಅಭಿಮಾನಿ ಗುಂಪಿನವರು. ಗುಂಪಿನಲ್ಲಿ ಎಡಪಂಥೀಯರೇ ಜಾಸ್ತಿ. ನಾಳಿನ ಜಗತ್ತಿನ ಕಥೆ ಓದುವವರು ಆ ಜಗತ್ತಿಗಾಗಿ ಕೆಲಸವನ್ನೂ ಮಾಡಬೇಕು ಅನ್ನುತ್ತಿದ್ದರು. ನನ್ನ ಪ್ರಕಾರ ಅವರು ಹೇಳಿದ್ದೇ ಸರಿ.

ಶರಾವತಿ: ಓದೋಕೆ ಸೇರಿದವರ ಮೇಲೆ ರಾಜಕೀಯ ಹೇರೋದು ಸರಿನಾ ಸರ್? 1937ರಲ್ಲೇ ಫಿಲಡೆಲ್ಫಿಯಾದಲ್ಲಿ ನಡೆದ ಇಂಥದ್ದೇ ಸಮ್ಮೇಳನದಲ್ಲಿ ಮಿಶೆಲ್ ಬರೆದ ಭಾಷಣವನ್ನು ವೋಲ್‌ಹೈಮ್ ಓದಿ, ನಿರ್ಣಯ ಮಂಡಿಸಿದ್ದರು. 12–8ರಲ್ಲಿ ಬಿದ್ದುಹೋಯಿತು. ಜನ ಬೇಡ ಅಂದಮೇಲೆ ಬಿಡಬೇಕಿತ್ತು.

ಪುಸ್ತಕದ ಹುಳು: ಮೇಡಂ, ಆ ನಿರ್ಣಯದಲ್ಲಿ ಯಾವ ಪಕ್ಷದ ಹೆಸರೂ ಇರಲಿಲ್ಲ. ಯುದ್ಧಕೋರತನಕ್ಕೆ, ಸುಳ್ಳು ವಿಜ್ಞಾನಕ್ಕೆ ವಿರೋಧ. ವಿಜ್ಞಾನ ಜನರ ಸುಖಕ್ಕೆ ಬಳಕೆಯಾಗಲಿ. ಇಷ್ಟೇ. ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರದಲ್ಲಿದ್ದಾಗ ಇಷ್ಟನ್ನೂ ಹೇಳಬಾರದಿತ್ತಾ?

ಗೂಡುದೀಪ: ಬಾಗಿಲಲ್ಲಿ ನಡೆದದ್ದು ಬರೀ ಸಿದ್ಧಾಂತದ ಜಗಳ ಅಲ್ಲ. ಫ್ಯೂಚರಿಯನ್ಸ್ ಕಡೆಯ ಡೇವಿಡ್ ಕೈಲ್ ಸಂಘಟಕರನ್ನು ಬೈದು ಹಳದಿ ಕರಪತ್ರ ಅಚ್ಚು ಹಾಕಿಸಿದ್ದರು. ರೇಡಿಯೇಟರ್ ಹತ್ತಿರ ಬಚ್ಚಿಟ್ಟಿದ್ದ ಆ ಕಟ್ಟುಗಳು ಸಂಘಟಕರ ಕಣ್ಣಿಗೆ ಬಿದ್ದವು. ಗಲಾಟೆ ಮಾಡಲ್ಲ ಅಂತ ಮಾತು ಕೊಡಿ, ಒಳಗೆ ಬಿಡ್ತೀವಿ ಅಂದೆವು ಅನ್ನೋದು ಸಂಘಟಕ ಮಾಸ್ಕೊವಿಟ್ಜ್ ಅವರ ವಾದ. ಸ್ವತಃ ಕೈಲ್ ಒಳಗೇ ಇದ್ದರು! ಅದೇ ಗುಂಪಿನ ಲೇಖಕ ಅಸಿಮೊವ್ ಕೂಡ. ನಮ್ಮದೂ ತಪ್ಪಿತ್ತು ಅನ್ನೋ ಅರ್ಥದಲ್ಲಿ ಪೋಲ್ ಮುಂದೆ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಶರಾವತಿ: ಪೋಲ್ ಆಗ ಕಮ್ಯುನಿಸ್ಟ್ ಯುವ ಸಂಘಟನೆಯಲ್ಲಿದ್ದರು. ಮರು ತಿಂಗಳೇ ಸ್ಟಾಲಿನ್ ಹಿಟ್ಲರ್ ಜೊತೆ ಒಪ್ಪಂದ ಮಾಡಿಕೊಂಡ. ಫ್ಯಾಸಿಸಂ ವಿರೋಧಿಸೋಕೆ ಅಂತ ಆ ಪಕ್ಷವನ್ನು ನಂಬಿದ ಹುಡುಗರಿಗೆ ಎಂಥ ಮೋಸ! ವೈಜ್ಞಾನಿಕ ಕಥೆಗಾರ ಎಚ್.ಜಿ. ವೆಲ್ಸ್ ಅಂಥ ಹಿರಿಯರೇ 1934ರಲ್ಲಿ ಸ್ಟಾಲಿನ್‌ನನ್ನು ಭೇಟಿಯಾಗಿ ಮೆಚ್ಚಿ ಬಂದಿದ್ದರು. ಅದಕ್ಕೇ ನನಗೆ ಈ ಆದರ್ಶದ ಬಗ್ಗೆ ಭಯ.

ಗೂಡುದೀಪ: ಪೋಲ್ ಆ ಸಂಘಟನೆ ಬಿಟ್ಟರು, ಯೋಚನೆ ಬಿಡಲಿಲ್ಲ. 1953ರಲ್ಲಿ ಕಾರ್ನ್‌ಬ್ಲೂತ್ ಜೊತೆ ಸೇರಿ ‘ದಿ ಸ್ಪೇಸ್ ಮರ್ಚೆಂಟ್ಸ್’ ಪುಸ್ತಕ ತಂದರು. ಜಾಹೀರಾತು ಕಂಪನಿಗಳೇ ದೇಶ ಆಳುವ ಕಥೆ. ಕುಡಿದವರಿಗೆ ಚಟ ಹತ್ತಲಿ ಅಂತಲೇ ಕಾಫಿಯಂಥ ಪಾನೀಯಕ್ಕೆ ಮದ್ದು ಬೆರೆಸುತ್ತಾರೆ. ಕೂಲಿಯವರ ಊಟಕ್ಕೆ, ಕೊಯ್ದಷ್ಟೂ ಬೆಳೆಯುವ ಕೋಳಿಮಾಂಸದ ದೊಡ್ಡ ಮುದ್ದೆ. ರಾಜಕೀಯದ ಗಂಧ ಇಲ್ಲದವರು ಇದನ್ನು ಬರೆಯೋಕೆ ಆಗ್ತಿತ್ತಾ?

ಹೊಸ ಓದುಗ: ಆವತ್ತು ಅವರಿಗೆಲ್ಲ ಎಷ್ಟು ವಯಸ್ಸು?

ಪುಸ್ತಕದ ಹುಳು: ಪೋಲ್‌ಗೆ 19. ಕಾರ್ನ್‌ಬ್ಲೂತ್‌ಗೆ ಆವತ್ತೇ 16 ತುಂಬಿತ್ತು.

ಶರಾವತಿ: ಅಷ್ಟು ಚಿಕ್ಕವರನ್ನು ಹೊರಗೆ ನಿಲ್ಲಿಸಿದ್ದು ತಪ್ಪು, ಒಪ್ತೀನಿ. ಕರಪತ್ರ ಹಂಚಿದ್ದರೆ ಆಕಾಶ ಬೀಳುತ್ತಿರಲಿಲ್ಲ. ಆದರೆ ಇಡೀ ಕೂಟದ ಹೆಸರಲ್ಲಿ ನಿರ್ಣಯ ಅಂದರೆ ನಾನೂ ಆ 12 ಜನರ ಜೊತೆಗೇ ಕೈ ಎತ್ತುತ್ತಿದ್ದೆ.