ಪಡುವಣ ಗೋಡೆಯ ತೇವ: ತುಂಬಿರುವ ಉಣ್ಣೆಯನ್ನು ತೆಗೆಸಬೇಕೇ?

ಪ್ರಶ್ನೆ:
ಬ್ರಿಟನ್ನಿನ ವೇಲ್ಸ್‌ನ ಕಾರ್ಡಿಫ್‌ನಲ್ಲಿ ನಾವು ಕೊಂಡಿರುವುದು 1930ರ ದಶಕದ ಮನೆ. ಎರಡು ಪದರ ಇಟ್ಟಿಗೆಯ ನಡುವೆ ಸುಮಾರು 50 ಮಿ.ಮೀ. ಟೊಳ್ಳು ಬಿಟ್ಟು ಗೋಡೆ ಕಟ್ಟಿದ್ದು, ಹಿಂದಿನ ಮಾಲೀಕರು ಮನೆ ಬೆಚ್ಚಗಿರಲೆಂದು ಆ ಟೊಳ್ಳಿಗೆ ಖನಿಜ ಉಣ್ಣೆಯನ್ನು (ಕಲ್ಲು ಅಥವಾ ಗಾಜಿನ ನಾರು) ಊದಿಸಿದ್ದಾರೆ. ಗಾಳಿಮಳೆ ಬಂದ ಮರುದಿನ ಪಡುವಣ ಗೋಡೆಯ ನಡುಭಾಗದಲ್ಲಿ ಅಂಗೈಯಗಲದ ಒದ್ದೆ ಕಲೆಗಳು ಮೂಡುತ್ತವೆ. ಬುಡ ಮಾತ್ರ ಒಣಗಿಯೇ ಇರುತ್ತದೆ. ಮಲಗುವ ಕೋಣೆಯ ಮೇಲ್ಮೂಲೆಯಲ್ಲಿ, ಮಳೆಯಿರಲಿ ಇಲ್ಲದಿರಲಿ, ಚಳಿಗಾಲವಿಡೀ ಕಪ್ಪು ಬೂಷ್ಟು. ಬಂದು ನೋಡಿದ ಗುತ್ತಿಗೆದಾರರೊಬ್ಬರು ನೆಲದ ತೇವ ಏರುತ್ತಿದೆಯೆಂದು ಹೇಳಿ, ಬುಡಕ್ಕೆ ರಾಸಾಯನಿಕ ಚುಚ್ಚಲು ದರ ಬರೆದುಕೊಟ್ಟು ಹೋದರು. ಒಪ್ಪಬಹುದೇ?

ಉತ್ತರ 1:
ದಯವಿಟ್ಟು ಒಪ್ಪಬೇಡಿ. ಬುಡ ಒಣಗಿದ್ದು ನಡುಗೋಡೆ ಮಾತ್ರ ಒದ್ದೆಯಾಗುವುದು ನೆಲದ ತೇವದ ಲಕ್ಷಣವಲ್ಲ. ಹೊರ ಇಟ್ಟಿಗೆಯನ್ನು ದಾಟಿದ ಮಳೆನೀರು ಅದರ ಒಳಮೈಯಲ್ಲೇ ಇಳಿದುಹೋಗಲೆಂದು ಆ ಟೊಳ್ಳು ಬಿಟ್ಟಿರುತ್ತಾರೆ. ಆದರೆ ಎರಡು ಪದರಗಳನ್ನು ಹಿಡಿದಿಡುವ ಕಬ್ಬಿಣದ ಕೊಂಡಿಗಳ ಮೇಲೆ ಕಟ್ಟುವಾಗ ಬಿದ್ದ ಗಾರೆಯ ಮುದ್ದೆಗಳು ಉಳಿದಿದ್ದರೆ ಅಥವಾ ಉಣ್ಣೆ ನೆನೆದಿದ್ದರೆ, ನೀರು ಸೇತುವೆ ದಾಟಿದಂತೆ ಒಳಪದರಕ್ಕೆ ಬರುತ್ತದೆ. ಮೂಲೆಯ ಬೂಷ್ಟು ಬೇರೆಯದೇ ಕಥೆ. ಅಲ್ಲಿ ಉಣ್ಣೆ ತಲುಪದೆ ಅಥವಾ ಕುಸಿದು ತೆರಪು ಉಳಿದಿರಬಹುದು. ತಣ್ಣಗಿರುವ ಆ ಜಾಗದಲ್ಲಿ ಕುಕ್ಕರಿನ ಹಬೆ ಮತ್ತು ಹೀಟರಿನ ಮೇಲೆ ಒಣಹಾಕಿದ ಬಟ್ಟೆಗಳ ತೇವ ಹನಿಗಟ್ಟುತ್ತದೆ. (ಊರಿನಂತೆ ಕಿಟಕಿ ತೆರೆದಿಟ್ಟು ಅಡುಗೆ ಮಾಡಲು ಇಲ್ಲಿನ ಜನವರಿ ಬಿಡುವುದಿಲ್ಲ ಎಂಬುದು ನಿಜ, ಎಕ್ಸಾಸ್ಟ್ ಫ್ಯಾನನ್ನಾದರೂ ಹಾಕಿ.)

ಉತ್ತರ 2:
ಮೇಲಿನ ಮಾತು ಸರಿ. ಆದರೆ ಊಹೆಯ ಮೇಲೆ ಹಣ ಹಾಕುವ ಮೊದಲು, ಇಟ್ಟಿಗೆಗಳ ನಡುವಿನ ಗಾರೆಯಲ್ಲಿ 10–12 ಮಿ.ಮೀ. ರಂಧ್ರ ಕೊರೆಸಿ ಬೋರೋಸ್ಕೋಪ್‌ನಿಂದ (ತೆಳು ಕೊಳವೆಯಂಥ ಕ್ಯಾಮೆರಾ) ಒಳಗೆ ನೋಡಿಸಿ. ಒಳಗೂ ಹೊರಗೂ ಸುಮಾರು 10 ಡಿಗ್ರಿ ವ್ಯತ್ಯಾಸವಿರುವ ಮುಂಜಾನೆ ಶಾಖದ ಏರಿಳಿತ ತೋರಿಸುವ ಥರ್ಮಲ್ ಕ್ಯಾಮೆರಾದಲ್ಲಿ ತೆರಪುಗಳು ತಣ್ಣನೆಯ ಜಾಗಗಳಾಗಿ ಕಾಣುತ್ತವೆ. ಮಳೆಯ ಮರುದಿನ ಮಾತ್ರ ಬೇಡ, ಏಕೆಂದರೆ ಒದ್ದೆ ಗೋಡೆಯೂ ತಣ್ಣಗಿದ್ದು ತೆರಪಿನಂತೆಯೇ ತೋರುತ್ತದೆ. ಮನೆಯ ಕಾಗದಪತ್ರಗಳಲ್ಲಿ ಟೊಳ್ಳುಗೋಡೆಗೆ ಉಣ್ಣೆ ತುಂಬುವ ಕೆಲಸಕ್ಕೆ ಖಾತರಿ ಕೊಡುವ ಸಿಐಜಿಎ ಸಂಸ್ಥೆಯ 25 ವರ್ಷಗಳ ಖಾತರಿಪತ್ರವಿದೆಯೇ ಎಂದೂ ಹುಡುಕಿ. ಮನೆ ಕೈಬದಲಾದರೂ ಅದು ಊರ್ಜಿತವಾಗಿರುತ್ತದೆ.

ಉತ್ತರ 3:
ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ದಕ್ಷಿಣ ವೇಲ್ಸ್‌ನಲ್ಲಿ ಪಶ್ಚಿಮದ ಗಾಳಿ ಮಳೆಯನ್ನು ಗೋಡೆಗೆ ರಾಚುತ್ತದೆ. ಅಂತಹ ಗೋಡೆಯಲ್ಲಿ ಉಣ್ಣೆ ನೆನೆದಿರುವುದು ಕಂಡರೆ ಆ ಒಂದು ಗೋಡೆಯದನ್ನಾದರೂ ತೆಗೆಸುವುದೇ ಲೇಸು. ಅದಕ್ಕೂ ಮೊದಲು ಸೂರಿನ ಮಳೆನೀರು ಹಿಡಿಯುವ ದೋಣಿ ಸೋರುತ್ತಿದೆಯೇ, ಇಟ್ಟಿಗೆ ಸಂದುಗಳ ಗಾರೆ ಉದುರಿದೆಯೇ ನೋಡಿ, ಅವನ್ನು ಸರಿಪಡಿಸಿ. ಗೋಡೆ ಉಸಿರಾಡಲು ಬಿಡದ ಜಲನಿರೋಧಕ ಬಣ್ಣವನ್ನು ಮಾತ್ರ ಬಳಿಸಬೇಡಿ. ಒಳಗಿನ ನೀರು ಒಳಗೇ ಉಳಿಯುತ್ತದೆ. ನಮ್ಮ ಮನೆಯಲ್ಲಿ ಸಂದು ತುಂಬಿಸಿದ ಮೇಲೂ ಗೋಡೆ ಪೂರ್ತಿ ಒಣಗಲು ಒಂದು ಬೇಸಿಗೆ ಹಿಡಿಯಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಏಣಿ ಹಾಕಿ ನೋಡಿದೆ: ದೋಣಿಯ ಒಂದು ಜೋಡಣೆ ಬಿಟ್ಟುಕೊಂಡಿದೆ, ಕಲೆಗಳು ಅದರ ಕೆಳಗೇ ಇವೆ. ಬುಡಕ್ಕೆ ಚುಚ್ಚುವ ಕೆಲಸ ಬೇಡವೆಂದು ತಿಳಿಸಿ, ಬೋರೋಸ್ಕೋಪ್ ತಪಾಸಣೆಗೆ ಹೇಳಿದ್ದೇನೆ.